ಬೂಲ್‌ನಲ್ಲಿ ಹಿಡಿಸದ ಎರಡು

ಮಾರ್ಚ್ 3, ಬೆಳಿಗ್ಗೆ

ಇನ್ನೂ ಅದೇ ಕೆಲಸ. ಅಜ್ಜನ ಲೆಕ್ಕದ ಲೈಬ್ರರಿ — ಸಿ ಅನ್ನೋ ಕಂಪ್ಯೂಟರ್ ಭಾಷೇಲಿ ಬರೆದ ಕೋಡು, ನನಗಿಂತ ಎರಡು ವರ್ಷ ದೊಡ್ಡದು. ಅಜ್ಜ ಅಂದ್ರೆ ಅದನ್ನ ಬರೆದವರು. ಆಫೀಸಲ್ಲಿ ಎಲ್ಲರೂ ಹಾಗೇ ಕರೀತಿದ್ರು. ತೀರಿಕೊಂಡು ಆರು ವರ್ಷ. ಹೌದು-ಇಲ್ಲ ಅನ್ನೋ ಉತ್ತರಕ್ಕೆಲ್ಲ ಇಂಟ್ ಅನ್ನೋ ಡಬ್ಬಿ ಹಾಕಿದ್ದಾರೆ ಪುಣ್ಯಾತ್ಮ. ಅದನ್ನೆಲ್ಲ ಬೂಲ್ ಮಾಡ್ಬೇಕು. ಇಂಟಲ್ಲಿ ಯಾವ ಅಂಕಿ ಬೇಕಾದ್ರೂ ಕೂರುತ್ತೆ. ಬೂಲಲ್ಲಿ ಸೊನ್ನೆ, ಒಂದು, ಅಷ್ಟೇ. ಚೊಕ್ಕ.

ಇನ್ನೂರ ಹನ್ನೆರಡು ಫಂಕ್ಷನ್, ಅಂದ್ರೆ ಲೆಕ್ಕದ ತುಣುಕು. ಒಂದೊಂದೇ ಓದ್ತಾ ಕೂತ್ರೆ ಮುದುಕಿ ಆಗ್ತೀನಿ. ಸ್ಕ್ರಿಪ್ಟ್ ಬರೆದು ಒಂದೇ ಏಟಿಗೆ ಬದಲಾಯಿಸಿದೆ.

ಮಾರ್ಚ್ 4

ಕೋಡನ್ನ ಮಷಿನ್ ಭಾಷೆಗೆ ತಿರುಗಿಸೋ ಕಂಪೈಲರಿನ ಗೊಣಗಾಟ. ಎಚ್ಚರಿಕೆ ಮುನ್ನೂರು ಚಿಲ್ಲರೆ. ಮೊದಲ ಇಪ್ಪತ್ತು ಓದಿದೆ, ಎಲ್ಲಾ ಜೊಳ್ಳು. ಆಫ್ ಮಾಡಿದೆ. ಟೆಸ್ಟ್ ಎಲ್ಲಾ ಪಾಸ್. "ಭೇಷ್!" ಅಂದ ಮ್ಯಾನೇಜರ್. ರೋಗಿಗೆ ಔಷಧಿ ಹರಿಸೋ ಪಂಪ್ ತಯಾರಿಸೋ ಕಂಪನಿಯವರು ಇದಕ್ಕೇ ತುದಿಗಾಲಲ್ಲಿ ಕಾಯ್ತಿದ್ದಾರಂತೆ.

ನಮ್ಮಕ್ಕ ನರ್ಸು, ವಾರ್ಡಲ್ಲಿ ಬಳಸೋದೂ ಅವರ ಪಂಪೇ. ಹೇಳಿದ್ರೆ ನಕ್ಕಳು. "ಅಬ್ಬಾ, ಕೊನೆಗೂ ನಿನ್ನಿಂದ ನಂಗೊಂದು ಉಪಯೋಗ!"

ಏಪ್ರಿಲ್ 10

ಡ್ಯೂಟಿಗೆ ಹೋದ ಅಕ್ಕ ಹನ್ನೊಂದಕ್ಕೇ ವಾಪಸ್. ಚಪ್ಪಲಿ ಬಿಡದೆ ಅಡುಗೆಮನೆಗೆ ಬಂದು ನಿಂತಳು. ಅವಳ ವಾರ್ಡಿನ ಹೆಂಗಸೊಬ್ಬರು ಹೋಗಿಬಿಟ್ರು. ನೋವಿನ ಔಷಧಿ ವಿಪರೀತ ಹರಿದಿದೆ.

"ಪಂಪ್ ಸರಿ ಅಂತು ಕಣೇ. ಹಸಿರು ದೀಪ ಬಂತು. ಕಣ್ಣಾರೆ ನೋಡ್ದೆ."

ಅಂಕಿ ತಪ್ಪು ಒತ್ತಿದ್ದಾಳೆ ಅಂತ ಸಸ್ಪೆಂಡ್. ಇಪ್ಪತ್ತೆರಡು ವರ್ಷದ ಸರ್ವೀಸು.

ಏಪ್ರಿಲ್ 12

ಸುಮ್ನಿರಕ್ಕಾಗ್ಲಿಲ್ಲ. ಆ ಪಂಪಿಗೆ ಹೋಗಿದ್ದು ನಾನು ಬದಲಾಯಿಸಿದ ಲೆಕ್ಕ. ಅಜ್ಜನ ಹಳೇ ಫೈಲ್ ತೆಗೆದೆ. ಡೋಸ್ ಮಿತಿಯೊಳಗಿದೆಯಾ ಅಂತ ನೋಡೋ ಫಂಕ್ಷನ್. ಮೇಲೆ ಅಜ್ಜನ ಕಾಮೆಂಟು:

0 ಇಲ್ಲ. 1 ಹೌದು. 2 ನೋಡೋಣ.

ಅಯ್ಯೋ ದೇವರೇ. ಮನೆಗೆ ಬರ್ತೀಯಾ ಅಂತ ಯಾರಾದ್ರೂ ಕರೆದ್ರೆ ಅಂತೀವಲ್ಲ, ಅದೇ ನೋಡೋಣ. ಹೂಂ ಅಲ್ಲ, ಊಹೂಂ ಅಲ್ಲ. ರೋಗಿಯ ತೂಕ ಪಂಪಿಗೆ ಬಂದಿರದಿದ್ರೆ ಲೆಕ್ಕ ಕೂಡಲ್ಲ, ಆಗ ಎರಡು. ಪಂಪ್ ನಿಂತು ನರ್ಸನ್ನ ಕರೀಬೇಕು. ಬೂಲ್ ಮಾಡಿದ್ಮೇಲೆ ಎರಡಕ್ಕೆ ಜಾಗ ಎಲ್ಲಿ? ಸೊನ್ನೆಯಲ್ಲದ್ದೆಲ್ಲ ಒಂದು. ನೋಡೋಣ ಅಂದಿದ್ದು ಹೌದು ಆಯ್ತು. ಹಸಿರು ದೀಪ.

ಆಫ್ ಮಾಡಿದ್ದ ಎಚ್ಚರಿಕೆಗಳನ್ನ ತೆರೆದೆ. ನೂರ ಎಂಬತ್ತೇಳನೇದು. ಈ ಉತ್ತರ ಎರಡು ಆಗೋಕೆ ಸಾಧ್ಯವೇ ಇಲ್ಲ ಅಂತ, ಸಾಲಿನ ನಂಬರ್ ಸಮೇತ ಬಡ್ಕೊಂಡಿತ್ತು.

ಆ ಪುಟದ ಪ್ರಿಂಟ್ ತೆಗೆದು ಬ್ಯಾಗಿಗೆ ಹಾಕಿದೆ.

ಏಪ್ರಿಲ್ 13

ಎಲ್ಲಾ ಹೇಳಿದ್ಮೇಲೆ ಮ್ಯಾನೇಜರ್ ಬಾಗಿಲು ಹಾಕಿದ. "ಲಾಯರ್ ಬರೋವರೆಗೂ ತುಟಿಪಿಟಕ್ ಅನ್ಬೇಡಮ್ಮ. ಕೋಡಲ್ಲಿರೋದು ನಿನ್ನ ಹೆಸರು, ನನ್ನದಲ್ಲ."

ಸರಿಮಾಡಿದ ಆವೃತ್ತಿ ಪಂಪ್ ಕಂಪನಿಗೆ ಹೋಯ್ತು. ಜೊತೆಗಿನ ಟಿಪ್ಪಣಿ — "ಸಣ್ಣಪುಟ್ಟ ಸುಧಾರಣೆ." ನಾನೇ ಬರೆದೆ. ಥೂ, ನನ್ನ ಜನ್ಮಕ್ಕಿಷ್ಟು.

ಏಪ್ರಿಲ್ 17

ಊಟಕ್ಕೆ ಕೂತ್ರೂ ಅಕ್ಕನ ಬೆರಳು ಮೇಜಿನ ಮೇಲೆ ಒತ್ತುತ್ತಾ ಇರುತ್ತೆ. ಯಾವ ಬಟನ್ ಮೊದಲು, ಯಾವುದು ಆಮೇಲೆ...

"ನಾನೇ ಒತ್ತಿರ್ಬೇಕು ಬಿಡು. ಮಷಿನ್ ಯಾಕೆ ಸುಳ್ಳು ಹೇಳುತ್ತೆ?"

ನಾಲಿಗೆ ತುದಿಗೆ ಬಂತು. ತುತ್ತಿನ ಜೊತೆ ನುಂಗಿದೆ. ಹೇಡಿ.

ಏಪ್ರಿಲ್ 24, ಸಂಜೆ 5

ಹೇಳಿದೆ. ಅಕ್ಕ ಬಟ್ಟೆ ಮಡಚ್ತಾ ಕೂತಿದ್ಲು. ಸ್ಕ್ರಿಪ್ಟು, ಎಚ್ಚರಿಕೆ, ಎರಡು — ಎಲ್ಲಾ ಹೇಳಿದೆ. ನಾಳೆ ನಾನೇ ಆಸ್ಪತ್ರೆಗೆ ಬರ್ತೀನಿ, ಪ್ರಿಂಟ್ ತೊಗೊಂಡು, ಕೆಲಸ ಹೋದ್ರೆ ಹಾಳಾಗ್ಹೋಗ್ಲಿ ಅಂದೆ.

"ನಿನ್ನೆ ಹೋಗಿದ್ದೆ," ಅಂದಳು. "ಆ ಹೆಂಗಸಿನ ಮಗಳ ಮನೆಗೆ. ನಿಮ್ಮಮ್ಮನ್ನ ನಾನೇ ಕೊಂದಿದ್ದು ಅಂತ ಕಾಲು ಹಿಡಿದೆ. ಆಮೇಲೆ ಆಸ್ಪತ್ರೇಲೂ ಹಾಗೇ ಬರೆದು ಸಹಿ ಹಾಕ್ದೆ."



ಅಕ್ಕ ಮಡಚೋದು ನಿಲ್ಲಿಸಲಿಲ್ಲ. "ನಿಂಗೆ ಯಾವತ್ತು ಗೊತ್ತಾಯ್ತು?"

"ಹನ್ನೆರಡನೇ ತಾರೀಖು."

ಬೆರಳಲ್ಲಿ ದಿನ ಎಣಿಸಿದಳು. ಆಮೇಲೆ ಮುಖ ಎತ್ತಿದಳು. "ನಾನೇ ಒತ್ತಿರ್ಬೇಕು ಅಂದಾಗ... ಎದುರಿಗೇ ಕೂತಿದ್ಯಲ್ಲೇ."

ಕೂತಿದ್ದೆ. ಎದುರಿಗೇ ಕೂತು ತುತ್ತು ನುಂಗ್ತಿದ್ದೆ.