ಹೊಸ್ತಿಲಲ್ಲೇ ನಿಂತ ವಾಯರ್‌ಮನ್

ಕುಲಗೋಡ, ತಾ॥ ಗೋಕಾಕ
30-6-1999

ಪ್ರೀತಿಯ ಮೈದುನ ಸಮ್ಮೇದನಿಗೆ ನಿನ್ನ ವೈನಿಯ ಜೈ ಜಿನೇಂದ್ರ.

ಹೇಗಿದ್ದೀಯ? ಹುಕ್ಕೇರಿಯಲ್ಲಿ ಮಾಮಾನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲಾ ಮುಖ ಬಾಡಿಸಿಕೊಂಡು ಮೂಲೆಯಲ್ಲಿ ಕೂರುತ್ತೀಯೋ? ಅಕ್ಷರ ಸೊಟ್ಟಗಿವೆ ಎಂದು ನಗಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯ ಪಟ್ಟಿ ಬಿಚ್ಚಿದ್ದಾರೆ. ಎರಡು ಬೆರಳು ಉಳಿಯಲಿಲ್ಲ. ಜೀವ ಉಳಿದದ್ದೇ ದೊಡ್ಡದು ಎಂದರು ಘಟಪ್ರಭೆಯ ಡಾಕ್ಟರು. ನನ್ನನ್ನು ದವಾಖಾನೆಗೆ ಒಯ್ದ ದಿನವೇ ನೀನು ಯಾರಿಗೂ ಹೇಳದೆ ಬಸ್ಸು ಹತ್ತಿದೆಯಂತೆ. ನನಗೆ ಅಷ್ಟು ಹೆದರುತ್ತೀಯಾ?

ನೀನು ಓಡಿಹೋದದ್ದರಿಂದ ನಡೆದದ್ದು ಪೂರ್ತಿ ಗೊತ್ತಿರಲಾರದು. ಅತ್ತೆಯವರಿಗೆ ಕಾಯಿಸಿದ ನೀರನ್ನೇ ಕುಡಿಯುವ ನೇಮವಲ್ಲವೇ? ಮಳೆಗಾಲದ ಕಟ್ಟಿಗೆಯಲ್ಲಿ ಹುಳ ಇರುತ್ತವೆ, ಸುಟ್ಟರೆ ಪಾಪ ಎಂದು ಕರೆಂಟ್ ಒಲೆ ತರಿಸಿದ್ದೂ, ನಿನ್ನ ಕೈಯಲ್ಲಿ ಅದಕ್ಕೆ ವಾಯರ್ ಹಾಕಿಸಿದ್ದೂ ಅವರೇ. ಅವತ್ತು ಬೆಳಿಗ್ಗೆ ನಾನು ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ಬಂದು ಒಲೆಯ ಮೇಲಿನ ಪಾತೇಲಿ ಹಿಡಿದೆ. ಅದು ನನ್ನ ಕೈ ಬಿಡಲಿಲ್ಲ. ನಿಮ್ಮಣ್ಣ ಓಡಿಬಂದು ಮೇನ್ ಬಂದ್ ಮಾಡಿದ್ದರಿಂದ ಉಳಿದೆ. ಹುಳಕ್ಕೆ ಇಷ್ಟು ಕರುಣೆ ತೋರುವ ಮನೆಯಲ್ಲಿ ಸೊಸೆಯ ಪಾಳಿ ಯಾವಾಗ ಬರುತ್ತದೋ ನೋಡಬೇಕು.

ಘಟಪ್ರಭೆಯಿಂದ ವಾಯರ್‌ಮನ್ ಶೆಟ್ಟೆಪ್ಪನನ್ನು ನಿಮ್ಮಣ್ಣ ಕರೆತಂದರು. ಮನೆ ಕಟ್ಟಿದಾಗ ವಾಯರಿಂಗ್ ಮಾಡಿದವನು ಅವನೇ. ಆಗಲೂ ಅತ್ತೆ ಅವನನ್ನು ಹೊಸ್ತಿಲಲ್ಲೇ ತಡೆದಿದ್ದರು. "ರಾತ್ರಿ ಉಣ್ಣಾವ್ರು ನಮ್ಮ ಅಡಗಿಮನಿ ಹೊಸ್ತಿಲಾ ದಾಟಂಗಿಲ್ಲ, ಒಳಗಿಂದು ನಮ್ಮ ಸಮ್ಮೇದ ಮಾಡ್ತಾನ" ಎಂದಿದ್ದರಲ್ಲ, ಈಗಲೂ ಅದೇ ಮಾತು. ಅವನು ಒಲೆಯನ್ನು ಪಡಸಾಲೆಗೆ ತರಿಸಿ, ಬಿಚ್ಚಿ ನೋಡಿ, "ಅರ್ತಿಂಗ್ ವಾಯರ್ ಕತ್ತರಿಸಿ ಒಗದಾರ್ರಿ ಬಾಯಾರ. ಒಳಗ ಗ್ವಾಡಿಯಾಗೂ ಅರ್ತಿಂಗ್ ಎಳದಾರೋ ಇಲ್ಲೋ, ನೋಡದ ನಾ ಹೆಂಗ ಹೇಳ್ಲಿ?" ಎಂದ. ಮುಟ್ಟಿದವರಿಗೆ ಕರೆಂಟ್ ಹೊಡೆಯದಂತೆ ಕಾಯುವುದು ಆ ವಾಯರೇ ಅಂತೆ. ಅಡುಗೆಮನೆಯ ಫ್ಯೂಜ್ ಕಿತ್ತಿಟ್ಟು, ಒಳಗೆ ಬಿಡುವವರೆಗೂ ಕರೆಂಟ್ ಕೊಡುವುದಿಲ್ಲ ಎಂದು ಹೇಳಿ ಹೋದ.

ಅತ್ತೆಗೆ ಇದು ಯಾವುದೂ ನಾಟಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಬಂದವರ ಮುಂದೆಲ್ಲ "ನಮ್ಮ ಸಮ್ಮೇದನ ಕೈ ಭಾಳ ಸ್ವಚ್ಛ. ಇಕಿ ಹಸಿ ಸೀರ್ಯಾಗ ಮುಟ್ಟಿದ್ದ ತಪ್ಪು" ಎನ್ನುತ್ತಾರೆ. ನಿಮ್ಮಣ್ಣ ತಾಯಿಯ ಎದುರು ಬಾಯಿ ತೆರೆಯುವವರಲ್ಲ. ನಾನು ಗೋಡೆಯ ಕಡೆ ತಿರುಗಿ ಮಲಗುತ್ತೇನೆ.

ನಿನ್ನ ಮೇಲೆ ಸಿಟ್ಟಿದೆ, ಇಲ್ಲವೆನ್ನಲಾರೆ. ಕೆಲಸ ಗೊತ್ತಿಲ್ಲದ್ದು ತಪ್ಪಲ್ಲ. ಶೆಟ್ಟೆಪ್ಪನ ಪಕ್ಕ ನಿಂತು ನಾಲ್ಕು ದಿನ ವಾಯರ್ ಹಿಡಿದವನಿಗೆ ಎಲ್ಲಿಂದ ಗೊತ್ತಾಗಬೇಕು? ಆದರೆ ಅವ್ವ ಹೊಗಳಿದಾಗ, ಬರುವುದಿಲ್ಲ ಎಂದು ಹೇಳಲು ನಿನಗೆ ಬಾಯಿ ಬರಲಿಲ್ಲ. ಹಾಗೆಂದು ನೀನು ಊರು ಬಿಟ್ಟು ಕೂತರೆ ನನ್ನ ಬೆರಳು ಚಿಗುರುವುದಿಲ್ಲ. ನೀನಿಲ್ಲದ ಮನೆ ನನಗೂ ಬೇಸರವೇ.

ಮಾಮಾ, ಮಾಮಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ವೈನಿ,
ತ್ರಿಶಲಾ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬಾಜೂ ಮನೆಯ ಯಲ್ಲಕ್ಕ ಶುಕ್ರವಾರ ಹುಕ್ಕೇರಿಗೆ ಬರುತ್ತಾಳೆ. ಬಂದು ಒಲೆ ಜೋಡಿಸಿಕೊಡು ಎಂದು ಅತ್ತೆ ಅವಳ ಕೈಯಲ್ಲಿ ನಿನಗೆ ಹೇಳಿ ಕಳಿಸುತ್ತಿದ್ದಾರೆ. ಬಾ, ಆದರೆ ಒಲೆಗೆ ಕೈ ಹಚ್ಚಬೇಡ. ಘಟಪ್ರಭೆಯಲ್ಲಿ ಇಳಿದು ಶೆಟ್ಟೆಪ್ಪನನ್ನು ಕರೆದುಕೊಂಡೇ ಬಾ. "ಅವ್ವಾ, ನನಗ ಈ ಕೆಲಸಾ ಬರಂಗಿಲ್ಲ" ಎಂದು ನಿನ್ನ ಬಾಯಿಂದಲೇ ಹೇಳು, ಬೇರೆ ಯಾರು ಹೇಳಿದರೂ ಅವರು ನಂಬುವುದಿಲ್ಲ. ನನ್ನ ಕೈ ಇನ್ನು ಕೆಲಸಕ್ಕೆ ಬಾರದು ಎಂದು, ಸೋಮವಾರದಿಂದ ನೀರು ಕಾಯಿಸಲು ಅದೇ ಒಲೆಯ ಮುಂದೆ ನನ್ನ ಮಗಳು ತೃಪ್ತಿಯನ್ನು ನಿಲ್ಲಿಸುತ್ತಾರಂತೆ.