ರಾಜನ ಪರದೆಯ ಹಿಂಬದಿ

ಪುಚೊಂಗ್, ಮಲೇಷ್ಯಾ
೧೪ ಜುಲೈ ೨೦೨೧

ಪ್ರೀತಿಯ ಅಜ್ಜಿ,

ಫೋನು ಬಿಟ್ಟು ಕಾಗದ ಬರೆದು ತೊಂದರೆ ಕೊಡುತ್ತಿದ್ದೇನೆ, ಸಾರಿ. ಫೋನಿನಲ್ಲಾದರೆ ಪೂರ್ತಿ ಕೇಳುವ ಮೊದಲೇ "ಒಲ್ಲೆ ತಗಿ" ಎಂದು ಇಟ್ಟುಬಿಡುತ್ತೀ. ಇದರ ಫೋಟೋ ವಿಠಲ ಕಾಕಾನ ಮೊಬೈಲಿಗೆ ಬರುತ್ತದೆ, ದೊಡ್ಡದು ಮಾಡಿ ನೀನೇ ಓದು. ಮೊಣಕಾಲು ಹೇಗಿದೆ? ಎರಡನೇ ಲಸಿಕೆ ಆಯಿತೇ? ಇಲ್ಲಿ ಇನ್ನೂ ಲಾಕ್‌ಡೌನ್, ಆದರೆ ನಾನು ಆರಾಮ. ಬೈಯಬೇಡ, ನಿನ್ನನ್ನು ಕೇಳದೆ ಒಂದು ಮಾತು ಕೊಟ್ಟಿದ್ದೇನೆ: ಶನಿವಾರ ನೀನು ನಮ್ಮ ಕ್ಲಾಸಿಗೆ ವಿಡಿಯೋದಲ್ಲಿ ಕಸೂತಿ ತೋರಿಸುತ್ತೀ ಎಂದು.

ಆದದ್ದು ಹೀಗೆ. ನಿನ್ನೆ ಜವಳಿ ವಿನ್ಯಾಸದ ಕ್ಲಾಸಿನಲ್ಲಿ ನಮ್ಮನ್ನು ಪೋಲೆಂಡಿನ ಕ್ರಾಕೋವ್ ಅರಮನೆಗೆ ಕರೆದೊಯ್ದರು, ಲ್ಯಾಪ್‌ಟಾಪಿನಲ್ಲೇ. ಮಾರ್ತಾ ಎಂಬ ಗೈಡ್ ಮೊಬೈಲು ಹಿಡಿದು ಕೋಣೆಯಿಂದ ಕೋಣೆಗೆ ನಡೆದಳು. ಒಂದು ಕೋಣೆಯ ಚಾವಣಿಯಿಂದ ಮರದಲ್ಲಿ ಕೆತ್ತಿದ ತಲೆಗಳು ಕೆಳಗೆ ಇಣುಕುತ್ತವೆ ಅಜ್ಜಿ! ಗೋಡೆ ತುಂಬ ರಾಜ ನೇಯಿಸಿದ ಚಿತ್ರದ ಪರದೆಗಳು, ಉಣ್ಣೆ, ರೇಷ್ಮೆ, ಬಂಗಾರದೆಳೆ. ಆಮೇಲೆ ಅವಳು ಒಂದು ಪರದೆಯ ಹಿಂಬದಿಯ ಫೋಟೋ ತೋರಿಸಿದಳು. ಬರೀ ಗಂಟು, ಜೋಲಾಡುವ ದಾರ. "ಅಯ್ಯ, ನಮ್ಮಜ್ಜಿ ನೋಡಿದ್ರ ಎಲ್ಲಾ ಬಿಚ್ಚಸ್ತಿದ್ಲು" ಅಂದುಬಿಟ್ಟೆ. ಮೈಕ್ ಆನ್ ಇತ್ತು!

ಏನಂದೆ ಎಂದು ಮಾರ್ತಾ ಕೇಳಿದಳು. ನೀನು ಕಸೂತಿ ಹಾಕಿಕೊಟ್ಟ ದುಪಟ್ಟಾ ಕ್ಯಾಮೆರಾದ ಮುಂದೆ ಹಿಡಿದೆ. ಆನೆಸಾಲು ತೋರಿಸಿ, ತಿರುವಿದೆ. ಹಿಂದೆಯೂ ಅದೇ ಆನೆಸಾಲು, ಒಂದೇ ಒಂದು ಗಂಟಿಲ್ಲ. "ವಿಚ್ ಸೈಡ್ ಈಸ್ ಫ್ರಂಟ್, ಲಾ?", ಮುಂಬದಿ ಯಾವುದು ಎಂದು ಇಲ್ಲಿಯ ಗೆಳತಿ ಮೇ ಲಿಂಗ್ ಕೂಗಿದಳು. ನಿಜ ಹೇಳಲೇ, ನನಗೂ ಒಂದು ಕ್ಷಣ ಗೊತ್ತಾಗಲಿಲ್ಲ. ಪರದೆ ನೇಯುವವರು ಹಿಂಬದಿಯಲ್ಲೇ ಕೂತು ನೇಯುತ್ತಿದ್ದರು, ದಾರ ಅಲ್ಲಿ ಉಳಿಯಲೇಬೇಕಿತ್ತು ಎಂದು ಮಾರ್ತಾ ವಿವರಿಸಿದಳು. ಇದನ್ನು ಹೊಲಿದವರನ್ನು ಕಾಣಬಹುದೇ ಎಂದೂ ಕೇಳಿದಳು. ಉಬ್ಬಿಹೋಗಿದ್ದೆ ಅಜ್ಜಿ, ಯೆಸ್ ಅಂದೆ. ಕ್ಲಾಸಿನಲ್ಲಿ ನಾನು ಬಾಯಿ ಬಿಟ್ಟದ್ದೇ ಅದು ಮೊದಲು.

ಶನಿವಾರ ನಿಮ್ಮ ಮಧ್ಯಾಹ್ನ ಹನ್ನೆರಡೂವರೆಗೆ. ಇಂಗ್ಲಿಷ್ ನನಗೆ ಬಿಡು. ನೀನು ಧಾರವಾಡದ ಮಾತಿನಲ್ಲೇ ಹೇಳು, ನಡುವೆ ನನ್ನನ್ನು ಬೈದರೆ ಅದನ್ನೊಂದು ಬಿಟ್ಟು ಉಳಿದದ್ದೆಲ್ಲ ಅವರಿಗೆ ತಿಳಿಸುತ್ತೇನೆ.

ಕಾಕಾಗೂ ವಿನೋದಾ ಕಾಕುಗೂ ನನ್ನ ನೆನಪು ಹೇಳು. ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದೆ ಎಂದುಕೋ.

ನಿನ್ನ
ಪ್ರಕೃತಿ

ತಾ.ಕ.: ಏಳನೇ ಕ್ಲಾಸಿನಲ್ಲಿ ನಾನಿದ್ದ ಹಾಸ್ಟೆಲಿಗೆ ನೀನು ಉಂಡಿ ಕಟ್ಟಿಕೊಂಡು ಬಂದಾಗ, ವಾರ್ಡನ್ ಒಳಗೆ ಬಿಡುವುದಿಲ್ಲ ಎಂದು ಗೇಟಿನಿಂದಲೇ ಕಳಿಸಿದ್ದೆನಲ್ಲ, ಅದು ಸುಳ್ಳು. ಹುಡುಗಿಯರು ನಿನ್ನನ್ನು ಇಂಗ್ಲಿಷಿನಲ್ಲಿ ಏನಾದರೂ ಕೇಳಿ ನಕ್ಕರೆ ಎಂದು ನಾನೇ ಹೆದರಿದ್ದೆ. ಈಗ ಎಲ್ಲರಿಗೂ ನಿನ್ನನ್ನು ತೋರಿಸಬೇಕು. ಬರುತ್ತೀಯೋ ಇಲ್ಲವೋ, ಬೇಗ ಉತ್ತರ ಬರಿ.