ನೀಲವ್ವನ ಕಿವಿಯ ಮಷಿನ್

೩೦ ಫೆಬ್ರವರಿ ೨೧೬೩

ಡಾಕ್ಟರ್ ಇಟಗಿಯವರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ, ನಮ್ಮದರಲ್ಲಿದೆ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ನಿಮ್ಮಲ್ಲಿ ಕ್ಷಮೆ ಕೇಳುವುದು ಇದೊಂದಕ್ಕೇ.

ನಿಮ್ಮ ಐಸಿಯುವಿನ ನಾಲ್ಕನೇ ಹಾಸಿಗೆಯಲ್ಲಿ ನ್ಯುಮೋನಿಯಾದಿಂದ ಮಲಗಿರುವ ನೀಲವ್ವ ಹೊಂಬಳ ನನ್ನ ಹಿರಿಯಜ್ಜಿ. ನಾನು ಆಕೆಯ ನಂತರದ ಐದನೆಯ ತಲೆಮಾರಿನವಳು. ನಾನೂ ಐಸಿಯು ವೈದ್ಯೆ. ಆಕೆಯ ಕೇಸ್ ಶೀಟ್ ನನ್ನ ಮುಂದಿದೆ.

ನಮ್ಮಲ್ಲಿ ದಿನಾ ಬೆಳಿಗ್ಗೆ ಏಳಕ್ಕೆ ‘ಎಚ್ಚರಹೊತ್ತು’. ಆಳವಾಗಿ ಮಲಗಿಸಲೇಬೇಕಾದ ಕೆಲವರನ್ನು ಬಿಟ್ಟು ಉಳಿದವರ ನಿದ್ದೆಯ ಔಷಧಿಯನ್ನು ಆಗ ನಿಲ್ಲಿಸುತ್ತೇವೆ, ನೋವಿನದನ್ನಲ್ಲ. ಕನ್ನಡಕ ಒರೆಸಿ ಹಾಕುತ್ತೇವೆ. ಮನೆಯವರೊಬ್ಬರು ‘ಕೂಗಾಳು’ ಆಗಿ ಪಕ್ಕದಲ್ಲಿ ಕೂತು ಹೆಸರು ಹಿಡಿದು ಕರೆಯುತ್ತಾರೆ. ರೋಗಿ ಒದ್ದಾಡಿದರೆ ಏನು ಬೇಕೆಂದು ಕೇಳುತ್ತೇವೆ. ಇದೇನು ನಮ್ಮ ಕಾಲದ ಜಾಣತನವಲ್ಲ, ನಿಮ್ಮ ಪುಸ್ತಕಗಳಲ್ಲೂ ಇತ್ತು. ನೀವು ಅದನ್ನೇ ಓದಿ ಪಾಸಾದವರು.

ಮೂರನೆಯ ದಿನ ನೀವೂ ಔಷಧಿ ನಿಲ್ಲಿಸಿ ಹೆಸರು ಕರೆದಿರಿ. ‘ಉತ್ತರವಿಲ್ಲ’ ಎಂದು ಬರೆದಿರಿ. ಆಕೆ ಕಣ್ಣು ತೆರೆದು ಕೈಯನ್ನು ಕಿವಿಯತ್ತ ಒಯ್ದಳು. ‘ಉಸಿರಿನ ಟ್ಯೂಬ್ ಕೀಳುವ ಯತ್ನ’ ಎಂದು ಬರೆದು, ಕೈ ಕಟ್ಟಿಸಿ, ಡೋಸ್ ಏರಿಸಿದಿರಿ. ವಾರ್ಡು ತಣ್ಣಗಾಯಿತು, ನಿಮಗೆ ಬೇಕಾದದ್ದೂ ಅದೇ. ಆಕೆಯ ಕಿವಿಯ ಮಷಿನನ್ನು ಬಳೆ, ಮೂಗುತಿಯ ಜೊತೆ ಪೊಟ್ಟಣ ಕಟ್ಟಿ ಮಗಳು ಕಸ್ತೂರಿಯ ಕೈಗೆ ಕೊಟ್ಟವರು ನಿಮ್ಮವರೇ. “ಅವ್ವಗ ಇದಿಲ್ದ ಕೇಳಂಗಿಲ್ರೀ ಡಾಕ್ಟ್ರ. ಇದನ್ನ ಹಾಕಿ ನಾ ಒಮ್ಮೆ ಕರೀತೀನ್ರಿ” ಎಂದು ಕಸ್ತೂರಿ ಬಾಗಿಲಲ್ಲಿ ಬೇಡಿಕೊಂಡಳು. ಒಡವೆ-ಗಿಡವೆ ಒಳಗೆ ಬಿಡುವುದಿಲ್ಲ ಎಂದಿರಿ. ಈ ಮಾತು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದು ನನ್ನವರೆಗೆ ಮುಟ್ಟಿದೆ.

ಹತ್ತೊಂಬತ್ತು ದಿನ ಹಾಗೇ ಮಲಗಿಸಿದಿರಿ. ಎದ್ದವಳ ಬುದ್ಧಿ ಮರಳಲಿಲ್ಲ. ನಾಲ್ಕು ವರ್ಷ ಬದುಕಿ, ತುತ್ತು ಕೊಡುವ ಮಗಳನ್ನೇ “ನೀ ಯಾರವ್ವಾ?” ಎಂದು ಕೇಳುತ್ತಿದ್ದಳು. ನಿಮ್ಮ ಕಡತದಲ್ಲಿ ‘ಗುಣಮುಖ’ ಎಂದಿದೆ. ಅದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನಮಗೆ ಇದು ನಡೆದುಹೋದದ್ದು, ನಿಮಗೆ ಇನ್ನೂ ನಡೆಯಬೇಕಾದದ್ದು. ಈ ಕಾಗದ ಆರನೆಯ ದಿನ ಬೆಳಿಗ್ಗೆ ನಿಮ್ಮ ಕೈ ಸೇರುತ್ತದೆ. ಕಸ್ತೂರಿ ಹೊರಗೆ ಬೆಂಚಿನ ಮೇಲಿದ್ದಾಳೆ, ಪೊಟ್ಟಣ ಮಡಿಲಲ್ಲಿದೆ. ನಿದ್ದೆಯ ಔಷಧಿಯ ಪಂಪ್ ನಿಲ್ಲಿಸಿ, ಅವಳನ್ನು ಒಳಗೆ ಕರೆಯಿರಿ. ನಾನಂತೂ ನಿಮ್ಮನ್ನು ಕ್ಷಮಿಸುವವಳಲ್ಲ. ಬೇಕಿದ್ದರೆ ನೀಲವ್ವನನ್ನೇ ಕೇಳಿಕೊಳ್ಳಿ, ಕಿವಿಗೆ ಮಷಿನ್ ಹಾಕಿದ ಮೇಲೆ.

ಚಿರಂತನಾ ಹೊಂಬಳ